ಎದ್ದು ನಿಂತು ಹೇಳಿ

ಮುಳಬಾಗಿಲು ಕೋರ್ಟಿನಿಂದ ಎಲ್‌ಎಲ್‌ಎಂ ಸೇರಿದವರು ನಾವಿಬ್ಬರೇ, ನಾನು ಮತ್ತು ಒಬ್ಬ ಹಿರಿಯ ವಕೀಲೆ. ಅವರಿಗೆ ಕಾನೂನು ಕಾಲೇಜಿನಲ್ಲಿ ಪಾಠ ಹೇಳಬೇಕೆಂಬ ಆಸೆಯಿತ್ತು. "ಈ ವಯಸ್ಸಲ್ಲಿ ಯಾಕಮ್ಮಾ ನಿಮಗೆ?" ಎಂದು ವಕೀಲರ ಸಂಘದಲ್ಲಿ ಯಾರಾದರೂ ಅಂದರೆ, ಗೌನನ್ನು ಹೆಗಲಿಗೆ ಎಳೆದುಕೊಂಡು, "ಆಕ್ಷೇಪಣೆ ಇದ್ರೆ ಎದ್ದು ನಿಂತು ಹೇಳಿ" ಅನ್ನುತ್ತಿದ್ದರು. ಯಾರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಎಲ್‌ಎಲ್‌ಬಿ ಹುಡುಗರಿಗೆ ಪಾಠ ಮಾಡಿ ತೋರಿಸುವುದೂ ನಮಗೊಂದು ಪರೀಕ್ಷೆ. ತಮ್ಮ ಸರದಿ ಬಂದ ದಿನ ಅವರು ವೇದಿಕೆ ಹತ್ತಿ, ಮೈಮೇಲಿಲ್ಲದ ಗೌನನ್ನು ಸರಿಪಡಿಸಿಕೊಂಡು, ಅಭ್ಯಾಸಬಲದಿಂದ, ನ್ಯಾಯಾಧೀಶರನ್ನು ಕರೆಯುವ ಹಾಗೆ, "ಮಹಾಸ್ವಾಮಿ" ಎಂದುಬಿಟ್ಟರು. ತರಗತಿ ಗೊಳ್ಳೆಂದು ನಕ್ಕಿತು.

"ಇದು ಕೋರ್ಟಲ್ಲ ಮೇಡಂ. ಮೊದಲಿಂದ ಶುರು ಮಾಡಿ" ಎಂದರು ಹಿಂದಿನ ಬೆಂಚಿನ ಪರೀಕ್ಷಕರು.

ನಾನಾಗಿದ್ದರೆ ಕ್ಷಮೆ ಕೇಳುತ್ತಿದ್ದೆ. ಅವರು ಕೇಳಲಿಲ್ಲ. "ಶುರು ಆಗೋಯ್ತು ಸರ್. ಅಲ್ಲಿ ನನ್ನ ಮಾತು ಒಪ್ಪಬೇಕಾದವರನ್ನ ಹಾಗೆ ಕರೀತೀನಿ. ಇಲ್ಲಿ ಒಪ್ಪಬೇಕಾದವರು ಈ ಮಕ್ಕಳು" ಎಂದವರೇ, ಬಂಧಿಸುವಾಗ ಕಾರಣ ತಿಳಿಸಲೇಬೇಕೆಂಬ ನಿಯಮವನ್ನು ಬಿಡಿಸಿ ಹೇಳತೊಡಗಿದರು. ಕೊನೆಗೆ ಅದೇ ಮಾತು: "ಆಕ್ಷೇಪಣೆ ಇದ್ರೆ ಎದ್ದು ನಿಂತು ಹೇಳಿ."

ಕಿಟಕಿ ಪಕ್ಕದ ಹುಡುಗಿಯೊಬ್ಬಳು ನಿಜಕ್ಕೂ ಎದ್ದಳು.

"ನಂದಿದೆ ಮೇಡಂ. ನಮ್ಮಣ್ಣನ್ನ ಹಿಡ್ಕೊಂಡ್ಹೋದಾಗ ಯಾರೂ ಕಾರಣ ಹೇಳ್ಲಿಲ್ಲ. ನೀವು ಹೇಳೋದೆಲ್ಲ ಪುಸ್ತಕದಲ್ಲಿ ಮಾತ್ರ ಇರೋದು."

ಯಾರೂ ನಗಲಿಲ್ಲ. "ಟೈಮಾಯ್ತು ಮೇಡಂ, ಸಾಕು" ಎಂದರು ಪರೀಕ್ಷಕರು. ವಕೀಲೆ ಅತ್ತ ತಿರುಗಿಯೂ ನೋಡಲಿಲ್ಲ. ವೇದಿಕೆ ಇಳಿದು ಹೋಗಿ, ಆ ಹುಡುಗಿಯ ಬೆಂಚಿನ ಮುಂದೆ ಕೈಕಟ್ಟಿ ನಿಂತರು.

"ಹೇಳಿ, ಮಹಾಸ್ವಾಮಿ."