ಕಾಂಕ್ರೀಟಿನ ಕೆಳಗೆ ಮಾವನ ಕೈ

ಕ್ಯಾತನಹಳ್ಳಿ ಹತ್ತಿರದ ಒಂದೂರಿನಲ್ಲಿ ಕಾಂಕ್ರೀಟ್ ರಸ್ತೆಗೆ ತೇಪೆ ಹಾಕಲು ಹೋದ ಬೆಳಿಗ್ಗೆ ನಾವಿದ್ದದ್ದು ಇಬ್ಬರೇ, ನಾನು ಮತ್ತು ನನ್ನ ಸೋದರಮಾವ. ಎದುರು ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಏನ್ ಆಚಾರ್ರೇ, ಬಾಗ್ಲು ಮಾಡೋದ್ ಬುಟ್ಟು ಬೀದಿ ಕೆರೆಯಕ್ ಬಂದ್ರಾ?"

"ಬಾಗ್ಲು ಈಗ ಅಂಗ್ಡೀಲೇ ಸಿಗ್ತವೆ ಕಣಜ್ಜಿ, ಬೀದಿ ಸಿಗಕಿಲ್ಲ" ಎಂದರು ಮಾವ.

ಹಾರೆಯಿಂದ ರಸ್ತೆಯನ್ನು ಬಡಿಯುತ್ತ ಹೋದರು. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಅಡಿಯ ಮಣ್ಣು ಕೊಚ್ಚಿಹೋಗಿದ್ದರೆ ಡಬ್. ಪಕ್ಕದ ನಾಲೆಯ ನೀರು ಜಿನುಗಿ ಜಿನುಗಿ ಅಡಿ ಪೊಳ್ಳಾಗಿ, ರಸ್ತೆ ನಾವು ಅಂದುಕೊಂಡದ್ದಕ್ಕಿಂತ ದೂರಕ್ಕೂ ಡಬ್ ಎಂದಿತು. ನನ್ನ ಕಾಲ ಕೆಳಗೂ. ನಾನು ಪಕ್ಕಕ್ಕೆ ಸರಿದು ನಿಂತೆ.

"ಪೂರಾ ಒಡ್ದಾಕಾನ ಮಾವ."

"ಎದ್ರುಪುಕ್ಲ ಕಣ್ಲಾ ನೀನು. ಒಳ್ಗಿರೋ ಕೆಸ್ರು ತಗ್ದು ಜಲ್ಲಿ ತುಂಬುದ್ರೆ ಸಾಕು."

ಅಂಚಿನಲ್ಲಿ ತೂತು ಕೊರೆದು, ಜಲ್ಲಿ ಗುಡ್ಡೆಯ ಮಗ್ಗುಲಿಗೆ ಬೋರಲು ಮಲಗಿ ಭುಜದವರೆಗೂ ಕೈ ತೂರಿಸಿದರು. ಅಷ್ಟರಲ್ಲಿ ಕಬ್ಬಿನ ಟ್ರಾಕ್ಟರೊಂದು ಬಂದು ಗುಡ್ಡೆಯಾಚೆ ನಿಂತಿತು. ಅದರ ಗಡಗಡಕ್ಕೇ ಕೂದಲೆಳೆಯಂಥ ಬಿರುಕು ಮಾವನ ಭುಜದ ಕಡೆಗೆ ಹರಿಯಿತು. ಕೈ ತೆಗಿ ಎಂದೆ. ಬರಲಿಲ್ಲ. ಒಳಗೆ ಒಂದು ಕಲ್ಲು ಹಿಡಿದಿದ್ದರು. ಆ ಮುಷ್ಟಿ ತೂತಿನಲ್ಲಿ ತೂರುತ್ತಿರಲಿಲ್ಲ.

"ಬುಡು ಮಾವ, ಬುಡು!"

ಕೈಯಾಡಿಸುತ್ತ ಕಿರುಚಿದೆ. ನಾನಂದದ್ದು ಕಲ್ಲನ್ನು ಬಿಡು ಎಂದು. ನಮ್ಮ ಸೀಮೆಯಲ್ಲಿ ಗಾಡಿ ಓಡಿಸು ಅನ್ನುವುದಕ್ಕೂ ಅದೇ ಮಾತು. ಮರೆಯಲ್ಲಿ ಮಲಗಿದ್ದ ಮಾವ ಡ್ರೈವರಿಗೆ ಕಾಣಲಿಲ್ಲ, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಿದ್ದು 'ಬುಡು' ಒಂದೇ. ಅವನು ಗೇರು ಹಾಕಿ ಬಿಟ್ಟೇಬಿಟ್ಟ.

ಮುಂದಿನ ಚಕ್ರ ರಸ್ತೆಯ ಆ ಭಾಗಕ್ಕೆ ಏರಿತು. ನಾನು ಮಾವನತ್ತ ಹಾರಿದೆ. ಕೂಗಿದವರು ಅಜ್ಜಿ. "ನಿಲ್ಸ್ಲಾ ಮುಂಡೇದೆ! ಮನ್ಸ ಮಲ್ಗವ್ನೆ!"

ಟ್ರಾಕ್ಟರು ನಿಂತಿತು. ಕಾಂಕ್ರೀಟು ನಿಲ್ಲಲಿಲ್ಲ, ಚಟ್ಟೆಂದು ಮುರಿದು ಕುಸಿಯಿತು. ತೂತಿನ ಬಾಯಿ ಬಿರಿದದ್ದೇ ಮಾವನ ಸೊಂಟ ಹಿಡಿದು ಎಳೆದೆ. ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು. ಕೈ ಜೊತೆಯಲ್ಲಿ ಬಂತೋ ಇಲ್ಲವೋ ನೋಡಲು ಧೈರ್ಯವಿಲ್ಲದೆ ಕಣ್ಣು ಮುಚ್ಚಿಕೊಂಡೇ ಇದ್ದೆ.

"ಕಣ್ ಬುಡ್ಲಾ. ಐದೂ ಅವೆ, ಎಣಿಸ್ಕೊ" ಎಂದರು ಮಾವ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ರಕ್ತ ಇಳಿಯುತ್ತಿತ್ತು.

ಡ್ರೈವರೇ ಯಾರದೋ ಬೈಕು ಇಸಿದುಕೊಂಡು ಅವರನ್ನು ಪಾಂಡವಪುರದ ಆಸ್ಪತ್ರೆಗೆ ಕರೆದೊಯ್ದ. ಮೂರನೇ ದಿನ ಪೊಳ್ಳಾಗಿದ್ದಷ್ಟನ್ನೂ ಒಡೆದು, ಜಲ್ಲಿ ತುಂಬಿ ದಮ್ಮಸ್ಸಿನಿಂದ ಬಡಿದು ಗಟ್ಟಿಮಾಡಿ, ಹೊಸ ಕಾಂಕ್ರೀಟು ಸುರಿದೆವು. ಮಾವ ಕೈಗೆ ಪಟ್ಟಿ ಕಟ್ಟಿಕೊಂಡು ನೆರಳಲ್ಲಿ ಕೂತಿದ್ದರು. ಹಸಿ ಕಾಂಕ್ರೀಟನ್ನು ಸಮ ಮಾಡಲು ಮಟ್ಟಗೋಲಿನ ಇನ್ನೊಂದು ತುದಿ ಹಿಡಿದು ಎಳೆದವನು ಆ ಡ್ರೈವರು.