ಹೇರಳೆಕಾಯಿ ಜಾಡಿ

ತಲೆ ಸುತ್ತಿದರೆ ನಮ್ಮ ಬೆಟ್ಟದಪುರದ ಕಡೆ ಅದಕ್ಕೆ ಒಂದೇ ಹೆಸರು, ಪಿತ್ತ. ಪಿತ್ತಕ್ಕೆ ಒಂದೇ ಮದ್ದು, ಹಳೆಯ ಹೇರಳೆಕಾಯಿ ಉಪ್ಪಿನಕಾಯಿ. ಅವ್ವನ ಜಾಡಿಯಲ್ಲಿ ಮೂರು ವರ್ಷದ ಕಾಯಿ ಕಪ್ಪಗೆ ಕರಗಿ ಕೂತಿರುತ್ತಿತ್ತು. ಊರಿನ ಬಸುರಿಯರೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರು. ಅವ್ವನಿಗೆ ಅದರ ಜಂಬ ಬೇರೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹತ್ತಿರದ ಕೊಪ್ಪದ ಒಂದು ಟೈಲರ್ ಅಂಗಡಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನಕ್ಕೆ ಎದುರಿನ ಗಾಡಿಯ ನೂಡಲ್ಸ್. ಅವ್ವ ಕಟ್ಟಿಕೊಟ್ಟ ರೊಟ್ಟಿ ಬ್ಯಾಗಿನಲ್ಲೇ ಒಣಗುತ್ತಿತ್ತು. ನನ್ನ ನಾಲಿಗೆ ಚಪಲ ಅಂಥದ್ದು. ಒಂದು ದಿನ ತಿಂದು ಬಂದು ಮೆಷಿನ್ ಮುಂದೆ ಕೂತೆ. ಎಡಗಿವಿಯೊಳಗೆ ಗುಂಯ್ ಅಂದಿತು. ಆಮೇಲೆ ಅಂಗಡಿಯೇ ಗಿರ್ರನೆ ತಿರುಗಿತು. ನೆಲ ಹಿಡಿದುಕೊಂಡು ಮಲಗಿ, ವಾಂತಿ ಮಾಡಿಕೊಂಡು, ಯಾರದೋ ಆಟೊದಲ್ಲಿ ಮನೆ ಸೇರಿದೆ.

"ಪಿತ್ತ ಕೆರಳ್ಯದೆ ಕಣ್ ಮಗ, ಬಾಯ್ ತಗಿ," ಎಂದು ಅವ್ವ ಒಂದು ಹೋಳು ನಾಲಿಗೆಯ ಮೇಲಿಟ್ಟಳು. ಸಂಜೆಗೆ ಸುತ್ತು ಇಳಿಯಿತು. ಅದು ತಾನಾಗಿಯೇ ಇಳಿಯುವಂಥದ್ದು ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಹೆಸರು ಬಂದದ್ದು ಜಾಡಿಗೆ. ಅಲ್ಲಿಂದ ದಿನಾ ಊಟಕ್ಕೆ ಎರಡು ಹೋಳು ನನಗೆ ಕಡ್ಡಾಯವಾಯಿತು.

ಎರಡು ವರ್ಷ ಹೀಗೇ ನಡೆಯಿತು. ಸುತ್ತು ಹೆಚ್ಚಾಯಿತು, ಎಡಗಿವಿ ಮಂದವಾಯಿತು. ಕೊನೆಗೆ ಮೈಸೂರಿನ ಕಿವಿ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಒಳಗಿವಿಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ, ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದರು. ಏನೇನು ತಿನ್ನುತ್ತೀಯ ಎಂದು ಕೇಳಿ, ನೂಡಲ್ಸಿಗೆ ಉದುರಿಸುವ ಟೇಸ್ಟಿಂಗ್ ಪೌಡರ್ ನಿನ್ನ ಮೈಗೆ ಆಗುವುದಿಲ್ಲವೆಂದು ಕಾಣುತ್ತದೆ, ಬಿಡು ಎಂದರು. ಉಪ್ಪು ಕಡಿಮೆ ಮಾಡು, ಉಪ್ಪಿನಕಾಯಿಯನ್ನಂತೂ ಮುಟ್ಟಲೇಬೇಡ ಎಂದೂ ಹೇಳಿದರು.

ಮನೆಗೆ ಬಂದು ಪೌಡರಿನ ವಿಷಯ ಮಾತ್ರ ಹೇಳಿದೆ. ಉಪ್ಪಿನಕಾಯಿಯ ಮಾತು ಎತ್ತಲಿಲ್ಲ.

"ಆ ಹಾಳು ಗಾಡಿ ತಿಂಡಿ ಬ್ಯಾಡ ಅಂತ ನಾನ್ ಯೋಳ್ನಿಲ್ವಾ," ಎಂದು ಅವ್ವ ಗೆದ್ದವಳ ಹಾಗೆ ಬೈದು, ತಟ್ಟೆಗೆ ಎರಡು ಹೋಳು ಹಾಕಿದಳು. ನಾನು ತಿಂದೆ. ಇನ್ನೂ ಒಂದು ವರ್ಷ ತಿಂದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಆ ವರ್ಷವೇ ಎಡಗಿವಿ ಪೂರ್ತಿ ಹೋಯಿತು.

ಈ ಸಲ ಅವ್ವ ಹಟ ಹಿಡಿದು ಡಾಕ್ಟರ ಹತ್ತಿರ ಜೊತೆಗೆ ಬಂದಳು. "ಉಪ್ಪಿನಕಾಯಿ ಬಿಡು ಅಂದಿದ್ದೆನಲ್ಲಮ್ಮ, ಬಿಟ್ಟೆಯಾ?" ಎಂದು ಅವರು ಕೇಳಿದರು. ಅವ್ವ ನನ್ನ ಮುಖ ನೋಡಿದಳು.

ವಾಪಸು ಬರುವಾಗ ಬಸ್ಸು ಹುಣಸೂರು ದಾಟಿತು. ಆಗ ಅವ್ವ ಎದ್ದು ನನ್ನ ಬಲಗಡೆಗೆ ಬಂದು ಕೂತು, "ಯಾಕ್ ಮಗ ಯೋಳ್ನಿಲ್ಲ?" ಅಂದಳು.

"ನೀನು ನೊಂದ್ಕತೀಯ ಅಂತ."

ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಮರುದಿನ ದೊಡ್ಡ ಜಾಡಿಯನ್ನು ತಿಪ್ಪೆಗೆ ಸುರಿದುಬಂದಳು. ಬಸುರಿಯರು ಬಂದರೆ, ಮುಗಿದುಹೋಯಿತು ಎನ್ನುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಅವ್ವ ತೀರಿಕೊಂಡಳು. ಅಟ್ಟ ಖಾಲಿ ಮಾಡುವಾಗ ಮೂರು ಸಣ್ಣ ಜಾಡಿಗಳು ಸಿಕ್ಕವು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದೆ. ಮೂರರಲ್ಲೂ ಹೇರಳೆಕಾಯಿ, ಮೂರೂ ಬೂಸ್ಟು ಹಿಡಿದು ಕೊಳೆತಿದ್ದವು. ಅವ್ವನ ಕೈಯಲ್ಲಿ ಕಾಯಿ ಕೆಟ್ಟದ್ದನ್ನು ನಾನು ಕಂಡೇ ಇರಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ.

"ನಿಂಗೇ ಅಂತ ಹಾಕಿದ್ದು ಕಣವ್ವ. ಉಪ್ಪಿಲ್ದೆ ನಿಲ್ಲಕಿಲ್ಲ ಅಂದ್ರೂ ಕೇಳ್ನಿಲ್ಲ. ಮುಂದಿನ್ ಸಲ ಇನ್ನೊಂದಷ್ಟ್ ದಿನ ಬಿಸ್ಲಲ್ಲಿ ಇಟ್ ನೋಡ್ತೀನಿ ಅಂತಿದ್ಲು."