ಐಲ್ಸಾ ನದಿಯ ಉತ್ತರ ತೀರ

ಬದರಿನಾಥ ಅಂಕಲ್ ವಾರದಲ್ಲಿ ಐದು ದಿನ ಇಂಜಿನಿಯರ್, ಶನಿವಾರ ಭಾನುವಾರ ಪುರೋಹಿತರು. ಮೈಸೂರಿನಲ್ಲಿ ತಂದೆಯಿಂದ ಮಂತ್ರ ಕಲಿತರು, ಅರ್ಧ ಆಯುಷ್ಯ ಜರ್ಮನಿಯ ಐಲ್ಸ್‌ಹೌಸನ್ ಎಂಬ ಸಣ್ಣ ಊರಿನ ಕಾಗದದ ಕಾರ್ಖಾನೆಯಲ್ಲಿ ಕಳೆದರು. ಆ ಕಂಪನಿ ಅಟ್ಲಾಂಟಾದಲ್ಲಿ ಶಾಖೆ ತೆರೆದಾಗ, ತೊಂಬತ್ಮೂರರಲ್ಲಿ, ಪಕ್ಕದ ನಮ್ಮ ಲಾರೆನ್ಸ್‌ವಿಲ್‌ಗೆ ಬಂದರು. ಎರಡು ವರ್ಷದ ಮೇಲೆ ನಮ್ಮ ಮಗಳು ಶ್ರಾವಣಿಗೆ ನಾಮಕರಣ ಮಾಡಿಸಿದವರು ಅವರೇ.

ಯಾವ ಪೂಜೆಗೂ ಮೊದಲು ಸಂಕಲ್ಪ ಇರುತ್ತದಲ್ಲ, ಯಾವ ದ್ವೀಪ, ಯಾವ ನದಿಯ ಯಾವ ದಡ ಎಂದು ಹೇಳಿಕೊಳ್ಳುವುದು. ಮೈಸೂರಿನ ಅತ್ತೆಗೆ ಕಳಿಸಬೇಕಾದ ನಾಮಕರಣದ ವಿಡಿಯೋ ಕ್ಯಾಸೆಟ್ ನೋಡುವಾಗ ನನ್ನ ಕಿವಿಗೆ ಬಿತ್ತು: 'ಐಲ್ಸಾ ನದ್ಯಾಃ ಉತ್ತರೇ ತೀರೇ.' ನಾವಿರುವ ಕಡೆ ಆ ಹೆಸರಿನ ನದಿಯೇ ಇಲ್ಲ.

ಹೆಸರು ಮಗುವಿಗೆ ಸೇರಿತೋ ಇಲ್ಲವೋ ಎಂಬ ಚಿಂತೆ ಹತ್ತಿತು. ಅವಳು ಸೀನಿದರೂ ಅದೇ ನೆನಪು.

"ದೇವರಿಗೆ ಜಿಪ್ ಕೋಡ್ ಬೇಕೇನೇ?" ಅಂದ ನನ್ನ ಗಂಡ ಪ್ರತಾಪ್.

"ನಿಮ್ಮಮ್ಮ ಕೇಳಿದ್ರೆ ಅದನ್ನೇ ಹೇಳಿ."

ಅಂಕಲ್‌ಗೆ ಫೋನ್ ಮಾಡಿದೆ. ಕೇಳಿಸಿದ್ದನ್ನು ಹೇಳಿದೆ. "ಹಾಗಂದೆನಾ ತಾಯಿ? ಬಾಯಿ ರೂಢಿ" ಅಂದರು. ಜರ್ಮನಿಯಲ್ಲಿ ದಿನಾ ಸಂಧ್ಯಾವಂದನೆಗೆ ಕೂತಾಗ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಅದೇ ನದಿಯಂತೆ. ಊರನ್ನು ಮೂರು ಕಡೆ ಸುತ್ತುವ ನದಿ, ನಾಲ್ಕನೆಯ ಕಡೆ ಕೆಂಪು ಕಲ್ಲಿನ ಗುಡ್ಡ. ಗುಡ್ಡದ ಬುಡದಲ್ಲಿ ಉಪ್ಪುನೀರಿನ ಬಾವಿಗಳು. ಉಪ್ಪು ಮಾರಿದ ದುಡ್ಡಲ್ಲೇ ಊರಿನ ಕೋಟೆ ಎದ್ದಿತು. ಮುನ್ನೂರು ವರ್ಷದ ಹಿಂದಿನ ಯುದ್ಧದಲ್ಲಿ ಊರೆಲ್ಲ ಸುಟ್ಟು ಇಗರ್ಜಿಯ ಗೋಪುರದ ಬುಡವೊಂದೇ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಸೇತುವೆ ಬಿದ್ದು, ಜನ ಬಹಳ ಕಾಲ ದೋಣಿಯಲ್ಲೇ ದಾಟುತ್ತಿದ್ದರು. ಜರ್ಮನಿ ಅಂದರೆ ರೂರ್ ಕಣಿವೆಯ ಕಲ್ಲಿದ್ದಲು ಎಂದು ಶಾಲೆಯಲ್ಲಿ ಉರು ಹೊಡೆದ ನನಗೆ ಇದೆಲ್ಲ ಹೊಸದು. ಆದರೂ ಕೇಳಿದೆ, "ಹಾಗಾದ್ರೆ ಮಗು ಹೆಸರು, ಅಂಕಲ್?"

"ಶನಿವಾರ ಬರ್ತೀನಿ. ಇನ್ನೊಂದು ಸಲ ಮಾಡೋಣ."

ಬಂದರು. ಅಕ್ಕಿ ಹರಡಿದ ತಟ್ಟೆ ಮತ್ತೆ ಬಂತು. ನದಿಯ ಜಾಗ ಬಂದಾಗ ನಿಲ್ಲಿಸಿ, "ನಾವು ಇಲ್ಲಿನ ಚಟ್ಟಹೂಚಿ ಹೊಳೆಯ ಯಾವ ದಡದಲ್ಲಿದ್ದೀವಪ್ಪ?" ಅಂತ ಪ್ರತಾಪನನ್ನು ಕೇಳಿದರು. ಅವನು ನನ್ನ ಮುಖ ನೋಡಿದ. ನಾನೂ ಅದನ್ನು ಹೈವೇ ಸೇತುವೆಯಿಂದ ಮಾತ್ರ ಕಂಡವಳು. ಕಾರಿನಿಂದ ಮ್ಯಾಪ್ ತಂದು ಬೆರಳಿಟ್ಟು ನೋಡಿ, "ಸೌತ್, ಅಂಕಲ್" ಅಂದ.

"ದಕ್ಷಿಣೇ ತೀರೇ" ಎಂದು ಹೇಳಿ ಮುಂದುವರಿಸಿದರು. ಹೆಸರನ್ನು ಮಗುವಿನ ಕಿವಿಯಲ್ಲಿ ಪ್ರತಾಪ್ ಮತ್ತೊಮ್ಮೆ ಹೇಳಿದ.

"ಈಗ ಸಮಾಧಾನಾನಾ ತಾಯಿ?"

ಹೂಂ ಅಂದೆ. ಅವರು ಪಾಯಸ ಎರಡು ಸಲ ಹಾಕಿಸಿಕೊಂಡರು.

ಹೊರಡುವಾಗ ಪ್ರತಾಪನಿಗೆ, "ಆ ಹೊಳೆಗೆ ಇಳಿಯೋಕೆ ದಾರಿ ಎಲ್ಲಿದೆ ಗೊತ್ತಾ? ನಾನಿನ್ನೂ ನೋಡೇ ಇಲ್ಲ. ನೋಡದ ನೀರಿನ ಹೆಸರು ನಾಲಿಗೇಲಿ ನಿಲ್ಲೋದಿಲ್ಲ" ಅಂದರು.

ಇಬ್ಬರೂ ಮ್ಯಾಪ್ ಹಿಡಿದು ಹೋದರು. ನೀರಿನ ಹತ್ತಿರ ಗಾಳಿ ಜಾಸ್ತಿ ಎಂದು ಮಗುವನ್ನು ನಾನು ಮನೆಯಲ್ಲೇ ಇಟ್ಟುಕೊಂಡೆ.